ಹಗ್ಗ ಬಿಟ್ಟವಳು

ಶಿವಮೂರ್ತಣ್ಣನಿಗೆ ಪದಕ ಬಂತೆಂದು ನಮ್ಮೂರು ಹೊಳೆಬಾಗಿಲಿನ ಮನೆಮನೆಗೆ ಸುದ್ದಿ ಮುಟ್ಟಿಸಿದವಳು ನಾನೇ, ಬೇರೆ ಯಾರೂ ಅಲ್ಲ. ಅಂಗಡಿಗೆ ಬಂದವರಿಗೆಲ್ಲ ಚಹಾದ ಜೊತೆ ಅದನ್ನೂ ಕೊಟ್ಟೆ. ತುಮರಿ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದವರನ್ನೂ ಬಿಡಲಿಲ್ಲ. ನನ್ನ ಅತ್ತೆ ಯಮುನಮ್ಮ ಒಳಗಿನಿಂದಲೇ, "ಪದಕ ಬಂದಿದ್ದು ಅವನಿಗೋ ನಿಂಗೋ? ಕಾಲು ನೆಲದ ಮೇಲೇ ಇಲ್ವಲ್ಲೇ" ಎಂದು ಗದರಿದರು. ನಾನು ನಕ್ಕುಬಿಟ್ಟೆ. ಅವನಿಗೆ ಬಂದರೆ ನನಗೆ ಬಂದ ಹಾಗೆ ಎಂದು ಆಗ ನಿಜವಾಗಿಯೂ ನಂಬಿದ್ದೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ.

ನಮ್ಮದು ಶರಾವತಿ ಹಿನ್ನೀರಿನ ದಡ. ಸೇತುವೆ ಆದ ಮೇಲೆ ಹೊಳೆ ದಾಟಿಸುವ ಲಾಂಚಿಗೆ ಕಾಯುವ ವಾಹನಗಳ ಸಾಲು ಕರಗಿತು, ಅದರ ಜೊತೆ ನನ್ನ ಅಂಗಡಿಯ ವ್ಯಾಪಾರವೂ ಅರ್ಧ ಕರಗಿತು. ಆದರೆ ನೀರು ಕಂಡ ಕೂಡಲೇ ಚಪ್ಪಲಿ ಬಿಟ್ಟು ಇಳಿಯುವ ಜನ ಮಾತ್ರ ಕಡಿಮೆಯಾಗಲಿಲ್ಲ. ಸಿಗಂದೂರಿಗೆ ಹೋಗುವವರು ಇಳಿಯುತ್ತಾರೆ, ದೇವರ ದರ್ಶನ ಮುಗಿಸಿ ಬಂದವರು ಇಳಿಯುತ್ತಾರೆ. ಈಜು ಬರುತ್ತದೋ ಇಲ್ಲವೋ, ಮೊಬೈಲು ಹಿಡಿದುಕೊಂಡು ಇಳಿಯುತ್ತಾರೆ. ಸಾಗರ ಪೇಟೆಯಿಂದ ಆಂಬುಲೆನ್ಸೋ ಅಗ್ನಿಶಾಮಕದ ಗಾಡಿಯೋ ಬರಬೇಕೆಂದರೆ ದಾರಿ ದೂರ. ಅಷ್ಟರೊಳಗೆ ಆಗಬೇಕಾದ್ದು ಆಗಿಹೋಗಿರುತ್ತದೆ.

ಅದಕ್ಕೇ ನಾವಿಬ್ಬರಿದ್ದೆವು. ಶಿವಮೂರ್ತಣ್ಣ ಹಿನ್ನೀರಿನಲ್ಲಿ ಬಲೆ ಬಿಟ್ಟು ಮೀನು ಹಿಡಿಯುವವನು. ಯಾರಾದರೂ ಮುಳುಗಿದರೆ ನೀರಿಗೆ ಧುಮುಕುವವನು ಅವನು, ಅವನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿಯನ್ನು ದಡದಲ್ಲಿ ಹಿಡಿಯುವವಳು ನಾನು. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಹೆಂಗಸಿಗೆ ಇದೆಂಥ ಉಸಾಬರಿ ಎಂದು ಮೊದಮೊದಲು ಆಡಿಕೊಂಡವರಿದ್ದರು. ನನ್ನ ಅಪ್ಪ ಹೊಸನಗರದ ಕಡೆ ಬಾವಿ ತೋಡುತ್ತಿದ್ದವರು. ಅವರನ್ನು ಬಾವಿಗೆ ಇಳಿಸಿ ಮೇಲೆತ್ತುವ ಹಗ್ಗಕ್ಕೆ ಚಿಕ್ಕಂದಿನಿಂದ ಕೈ ಕೊಟ್ಟು ಬೆಳೆದವಳು ನಾನು. ಕಣ್ಣಿಗೆ ಕಾಣದ ಮನುಷ್ಯ ಹಗ್ಗದಲ್ಲಿ ಏನು ಹೇಳುತ್ತಿದ್ದಾನೆ ಎಂಬುದು ನನ್ನ ಅಂಗೈಗೆ ತಿಳಿಯುತ್ತದೆ. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನನಗೇ ಅಂತ ಒಂದು ಹೆಸರು ಸಿಕ್ಕಿದ್ದೂ ಅದರಿಂದಲೇ. ಹಗ್ಗದ ಯಶೋಧಕ್ಕ. ಮಕ್ಕಳನ್ನು ನೀರಿನ ಹತ್ತಿರ ಬಿಡುವಾಗ ತಾಯಂದಿರು "ಯಶೋಧಕ್ಕನ ಅಂಗಡಿ ಮುಂದೇ ಆಡ್ಕಳ್ರೋ" ಎಂದು ಹೇಳಿ ಹೋಗುತ್ತಿದ್ದರು. ನನ್ನದು ಅಂತ ಇದ್ದ ಆಸ್ತಿ ಅದೊಂದೇ.

ಹಿನ್ನೀರಿನ ಅಡಿಯಲ್ಲಿ ಒಂದು ಕಾಡೇ ನಿಂತಿದೆ. ಅಣೆಕಟ್ಟು ತುಂಬಿದಾಗ ಮುಳುಗಿದ ಮರಗಳು ಇನ್ನೂ ಕೊಳೆಯದೆ ಬೊಡ್ಡೆಬೊಡ್ಡೆಯಾಗಿ ಹಾಗೇ ಇವೆ. ಹಗ್ಗ ಹೋಗಿ ಅದಕ್ಕೆ ಸುತ್ತಿಕೊಂಡರೆ ಮುಳುಗಿದವನೂ ಹೋದ, ಹುಡುಕಲು ಹೋದವನೂ ಹೋದ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಒಳಗಿನವನು ಹಗ್ಗವನ್ನು ಒಮ್ಮೆ ಜಗ್ಗಿದರೆ ಇನ್ನಷ್ಟು ಸಡಿಲ ಕೊಡಬೇಕು. ಎರಡು ಸಲ ಜಗ್ಗಿದರೆ ದಡಕ್ಕೆ ಎಳೆದುಕೊಳ್ಳಬೇಕು. ಮೂರು ಸಲ ಜಗ್ಗಿದರೆ ಹಗ್ಗ ಬೊಡ್ಡೆಗೆ ಸಿಕ್ಕಿಕೊಂಡಿದೆ ಎಂದು ಅರ್ಥ, ಆಗ ಹಿಂದೆಮುಂದೆ ನೋಡದೆ ಕೈ ಬಿಡಬೇಕು. ದಡದಲ್ಲಿ ಬಿಗಿ ಹಿಡಿದಿರುವಷ್ಟು ಹೊತ್ತು ಸೊಂಟದ ಗಂಟು ಬಿಚ್ಚುವುದಿಲ್ಲ. ಇದನ್ನು ನನಗೆ ಕಲಿಸಿದವನು ಶಿವಮೂರ್ತಣ್ಣನೇ. "ಮೂರು ಅಂದ್ರೆ ಮೂರೇ ತಂಗಿ. ಆವಾಗ ದೇವ್ರೇ ಬಂದು ಹಿಡ್ಕೋ ಅಂದ್ರೂ ಹಿಡೀಬೇಡ" ಎಂದಿದ್ದ.

ಮುಳುಗಿದವರು ಜೀವಂತ ಬಂದರೆ ಅವರ ಮನೆಯವರು ದಡದಲ್ಲಿ ಒಂದು ತೆಂಗಿನಕಾಯಿ ಒಡೆಯುತ್ತಾರೆ. ಒಂದು ಹೋಳು ನೀರಿಗಿಳಿದವನಿಗೆ, ಇನ್ನೊಂದು ಹಗ್ಗ ಹಿಡಿದವರಿಗೆ. ನಮಗೆ ಸಲ್ಲುತ್ತಿದ್ದ ಸನ್ಮಾನವೆಂದರೆ ಅಷ್ಟೇ, ಮಾರನೆಯ ದಿನ ಅದು ಚಟ್ನಿಯಾಗುತ್ತಿತ್ತು.

ಹೋದ ವರ್ಷ ದೀಪಾವಳಿ ಕಳೆದ ಹೊಸದರಲ್ಲಿ ತೀರ್ಥಹಳ್ಳಿಯ ಸುಂದರೇಶ ಭಟ್ಟರು ಮಗಳು ಅಪರ್ಣಾಳನ್ನು ಕರೆದುಕೊಂಡು ಸಿಗಂದೂರಿಗೆ ಹೊರಟಿದ್ದರು. ಆ ಹುಡುಗಿ ಕಾಲು ತೊಳೆಯಲೆಂದು ಹಳೆಯ ಲಾಂಚ್ ಕಟ್ಟೆಯ ಇಳಿಜಾರಿಗೆ ಹೋದಳು. ಅಲ್ಲಿ ಪಾಚಿ. ಜಾರಿದ್ದು ನನಗೆ ಅಂಗಡಿಯಿಂದಲೇ ಕಂಡಿತು. ನಾನು ಕೂಗಿದೆ, ಬಲೆ ಬಿಡಿಸುತ್ತ ಕುಳಿತಿದ್ದ ಶಿವಮೂರ್ತಣ್ಣ ಓಡಿ ಬಂದ. ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುತ್ತಲೇ ನೀರಿಗೆ ಬಿದ್ದ.

ಒಮ್ಮೆ ಜಗ್ಗಿದ, ಸಡಿಲ ಕೊಟ್ಟೆ. ಮತ್ತೆ ಜಗ್ಗಿದ, ಮತ್ತೆ ಕೊಟ್ಟೆ. ಭಟ್ಟರು ನನ್ನ ಹೆಗಲಿಗೆ ಹೆಗಲು ತಾಗುವ ಹಾಗೆ ನಿಂತು "ಬಿಡಬೇಡ ಮಾರಾಯ್ತಿ, ಬಿಡಬೇಡ" ಎಂದು ಅಳುತ್ತಿದ್ದರು. ಆಮೇಲೆ ಬಂತು ನೋಡಿ, ಒಂದರ ಹಿಂದೆ ಒಂದು, ಮೂರು. ನಾನು ಎರಡೂ ಕೈ ತೆರೆದು ಹಗ್ಗ ಬಿಟ್ಟೆ, ಕಾಲಿಗೆ ಸುತ್ತಿಕೊಳ್ಳದ ಹಾಗೆ ಹಿಂದಕ್ಕೆ ಹಾರಿ ನಿಂತೆ. ಹಗ್ಗ ಸರ್ರನೆ ನೀರಿಗೆ ಹೋಯಿತು. ಭಟ್ಟರು ಕುಸಿದು ಕುಳಿತರು.

ಸ್ವಲ್ಪ ಹೊತ್ತಿನ ಮೇಲೆ ಆಚೆ ಬದಿಯಲ್ಲಿ ಶಿವಮೂರ್ತಣ್ಣನ ತಲೆ ಕಂಡಿತು. ಕೈಯಲ್ಲಿ ಹುಡುಗಿಯ ಜಡೆ. ಅವಳ ಹೊಟ್ಟೆಯ ನೀರು ಕಕ್ಕಿಸಿದವಳು ನಾನು. ಕಾಯಿ ಒಡೆಸಿದ್ದೂ ನಾನೇ. ಭಟ್ಟರು ಎರಡೂ ಹೋಳನ್ನು ಶಿವಮೂರ್ತಣ್ಣನ ಕೈಗೇ ಕೊಟ್ಟರು. ಪದ್ಧತಿ ಗೊತ್ತಿಲ್ಲದವರು ಎಂದುಕೊಂಡೆ. ಅವನು ಒಂದು ಹೋಳನ್ನು ನನಗೆ ಕೊಟ್ಟಾಗ ಭಟ್ಟರ ಮುಖ ಹುಳ್ಳಗಾಯಿತು. ಮಗಳನ್ನು ಕಳೆದುಕೊಳ್ಳುತ್ತಿದ್ದ ಗಾಬರಿ ಇನ್ನೂ ಇಳಿದಿಲ್ಲ ಎಂದುಕೊಂಡು ಸುಮ್ಮನಾದೆ.

ಆ ಭಟ್ಟರೇ ಶಿವಮೂರ್ತಣ್ಣನ ಹೆಸರನ್ನು ಪದಕಕ್ಕೆ ಸೂಚಿಸಿದ್ದು. ತೀರ್ಥಹಳ್ಳಿಯಲ್ಲಿ ಆಪದ್ಬಾಂಧವ ಪ್ರತಿಷ್ಠಾನ ಎಂದು ಒಂದಿದೆ. ಅಪಾಯದಲ್ಲಿ ಜನರ ಜೀವ ಉಳಿಸಿದವರನ್ನು ಸುತ್ತಲಿನ ತಾಲ್ಲೂಕುಗಳಿಂದ ಆರಿಸಿ ವರ್ಷಕ್ಕೊಮ್ಮೆ ಪದಕ ಕೊಡುತ್ತದೆ. ಆಂಬುಲೆನ್ಸ್ ಓಡಿಸುವವರು, ಬೆಂಕಿ ಆರಿಸುವವರು, ಹಾವು ಹಿಡಿಯುವವರು, ಹೀಗೆ. ನಾವು ಹೊಳೆಬಾಗಿಲಿನ ಒಂದು ದಂಡೇ ನಮ್ಮೂರಿನ ಹುಡುಗ ನಟರಾಜನ ಟೆಂಪೋದಲ್ಲಿ ಹೊರಟೆವು. ಶಿವಮೂರ್ತಣ್ಣನ ಹೆಂಡತಿ ತುಂಗಮ್ಮ ಗಂಡನಿಗೆ ಬಿಳಿ ಶರ್ಟು ಇಸ್ತ್ರಿ ಮಾಡಿಸಿದ್ದಳು. ನಾನು ಬೆಳಿಗ್ಗೆ ಎದ್ದು ಟೆಂಪೋ ಪೂರ್ತಿಗೆ ಆಗುವಷ್ಟು ಚಿತ್ರಾನ್ನ ಕಲಸಿ ತಂದಿದ್ದೆ. ದಾರಿಯುದ್ದಕ್ಕೂ ಹಾಡು, ಕೀಟಲೆ. "ಪದಕ ಸಿಕ್ಕಿದ್ಮೇಲೆ ನಮ್ಮನ್ನ ಮಾತಾಡಿಸ್ತೀಯೇನಣ್ಣ?" ಎಂದು ನಾನು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಸಭಾಭವನ ತುಂಬಿತ್ತು. ನಾವು ಮುಂದಿನ ಸಾಲುಗಳಲ್ಲೇ ಕುಳಿತೆವು. ಶ್ರೀರಂಗ ಮೇಷ್ಟ್ರು ಎಂದು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಒಬ್ಬೊಬ್ಬರ ಸಾಹಸವನ್ನೂ ಓದಿ ಹೇಳುತ್ತಿದ್ದರು. ಒಳ್ಳೆಯ ಗಂಟಲು. ಹಾವು ಹಿಡಿಯುವವನ ಕಥೆಗೆ ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೆ. ಆಮೇಲೆ ಶಿವಮೂರ್ತಣ್ಣನ ಸರದಿ ಬಂತು.

"ಆ ಘೋರ ಕ್ಷಣದಲ್ಲಿ," ಎಂದು ಮೇಷ್ಟ್ರು ಓದಿದರು, "ದಡದಲ್ಲಿದ್ದ ಸಹಾಯಕಿಯು ಭಯಭೀತಳಾಗಿ ಹಗ್ಗವನ್ನು ಕೈಬಿಟ್ಟು ಹಿಂದೆ ಸರಿದರೂ ಧೃತಿಗೆಡದೆ, ಯಾವ ಆಸರೆಯೂ ಇಲ್ಲದೆ, ಏಕಾಂಗಿಯಾಗಿ ಸಾವಿನೊಡನೆ ಸೆಣಸಿ..."

ಯಾವ ಊರಿನ ಹೆಂಗಸಪ್ಪಾ ಇವಳು ಎಂದು ಒಂದು ಗಳಿಗೆ ಯೋಚಿಸಿದೆ. ದೇವರಾಣೆಗೂ. ನಮ್ಮ ಟೆಂಪೋದ ಜನ ಒಬ್ಬೊಬ್ಬರಾಗಿ ತಿರುಗಿ ನನ್ನ ಕಡೆ ನೋಡಿದಾಗ ಗೊತ್ತಾಯಿತು. ಭವನಕ್ಕೆ ಭವನವೇ ಚಪ್ಪಾಳೆ ಹೊಡೆಯಿತು. ಶಿವಮೂರ್ತಣ್ಣ ಕತ್ತು ಬಗ್ಗಿಸಿ ಪದಕ ಹಾಕಿಸಿಕೊಂಡ. ನನ್ನ ಕೈಯೂ ಚಪ್ಪಾಳೆ ಹೊಡೆಯುತ್ತಿತ್ತು, ಹೇಗೆ ನಿಲ್ಲಿಸಬೇಕೆಂದು ತೋಚಲಿಲ್ಲ. ಅವನ ಕೈಗೆ ಮೈಕು ಕೊಟ್ಟರು. ಈಗ ಹೇಳುತ್ತಾನೆ, ಒಂದೇ ಒಂದು ಮಾತು ಸಾಕು ಎಂದು ನಾನು ಸೀಟಿನ ತುದಿಗೆ ಬಂದೆ. "ನಂದೇನಿಲ್ಲ. ಎಲ್ಲಾ ಸಿಗಂದೂರಮ್ಮನ ದಯೆ" ಎಂದು ಹೇಳಿ ಅವನು ಕುಳಿತ. ಎಷ್ಟು ವಿನಯ ಎಂದು ನನ್ನ ಹಿಂದಿನ ಸಾಲಿನವರು ಮೆಚ್ಚಿಕೊಂಡರು.

ವಾಪಸು ಬರುವಾಗ ಟೆಂಪೋದಲ್ಲಿ ಹಾಡಿರಲಿಲ್ಲ. ಚಿತ್ರಾನ್ನದ ಡಬ್ಬಿಯನ್ನು ಯಾರೂ ಕೇಳಲಿಲ್ಲ. ಹೊಸನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನು ಇಳಿದು ರಸ್ತೆ ಬದಿಯ ಹಲಸಿನ ಮರದ ಕೆಳಗೆ ಹೋಗಿ ನಿಂತೆ. ಅವನು ಹಿಂದೆಯೇ ಬಂದ. ಪದಕವನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದ, ರಿಬ್ಬನ್ನಿನ ತುದಿ ಹೊರಗೆ ಕಾಣುತ್ತಿತ್ತು.

"ಕೋಪ ಮಾಡ್ಕಬೇಡ ತಂಗಿ."

"ಅವ್ರಿಗೆ ಹಂಗಂತ ಯಾರು ಹೇಳಿದ್ದು?"

"ಭಟ್ಟರು. ನೀನು ಬಿಟ್ಟಿದ್ದು ಅವ್ರ ಕಣ್ಣಿಗೆ ಕಂಡಿದೆ. ಎಂತಕ್ಕೆ ಬಿಟ್ಟೆ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು?"

"ನಿನ್ನ ಕೇಳ್ಲಿಲ್ವಾ?"

ಅವನು ರಿಬ್ಬನ್ನಿನ ತುದಿಯನ್ನು ಜೇಬಿನೊಳಗೆ ತುರುಕಿದ. ಇನ್ನೊಮ್ಮೆ ಕೇಳಿದೆ.

"ಕೇಳಿದ್ರು," ಎಂದ. "ಮೇಷ್ಟ್ರು ಮನೆಗೇ ಬಂದಿದ್ರು. ಬರ್ಕಂಡಿದ್ದನ್ನ ಓದಿ, ಸರಿ ಇದೆಯೇನಪ್ಪಾ ಅಂದ್ರು."

"ನೀನು ಎಂತ ಅಂದೆ?"

"ಹೂಂ ಅಂದೆ." ಆಮೇಲೆ ಗಡಿಬಿಡಿಯಲ್ಲಿ ಸೇರಿಸಿದ, "ಹಗ್ಗ ಬಿಡೋದೇ ನಮ್ಮ ಪದ್ಧತಿ ಅಂತ ಬಿಡಿಸಿ ಹೇಳಿದ್ರೆ ಅದ್ರಲ್ಲಿ ಸಾಹಸ ಎಂತದು ಅಂತ ಕೇಳ್ತಾರೆ ಕಣೆ. ಎಲ್ಲಾ ತಾಲ್ಲೂಕಿಂದ ಹೆಸ್ರು ಹೋಗಿತ್ತಂತೆ. ತಪ್ಪಿ ಹೋಗ್ತಿತ್ತು. ನಿನ್ನ ಹೆಸ್ರೇನು ಹಾಕಿಲ್ವಲ್ಲ."

"ಹೊಳೆಬಾಗಿಲಲ್ಲಿ ಹಗ್ಗ ಹಿಡಿಯೋ ಹೆಂಗಸ್ರು ಎಷ್ಟು ಜನ ಇದೀವಣ್ಣ?"

ಅವನು ತಲೆ ತಗ್ಗಿಸಿದ. "ಊರಿಗೆ ಹೋದ್ಮೇಲೆ ಎಲ್ರಿಗೂ ನಾನೇ ಹೇಳ್ತೀನಿ. ಅಮ್ಮನಾಣೆ."

ನನಗೆ ಕೋಪಕ್ಕಿಂತ ನಾಚಿಕೆಯಾಯಿತು. ಅವನು ಸುಳ್ಳು ಹುಟ್ಟಿಸಿದವನಲ್ಲ, ಬಂದ ಸುಳ್ಳಿಗೆ ಮಣೆ ಹಾಕಿ ಕೂರಿಸಿದವನು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಅವನಿಗೆ ಬಂದ ಪದಕ ಆ ಮೌನಕ್ಕೇ ಬಂದದ್ದು. ಆದರೂ ಆಣೆ ಹಾಕಿದ್ದಾನೆ, ಹೇಳುತ್ತಾನೆ ಎಂದು ಕಾದೆ.

ದಿನ ಹೋಯಿತು, ವಾರ ಹೋಯಿತು, ಅವನ ಬಾಯಿ ತೆರೆಯಲಿಲ್ಲ. ನಾನೇ ಕಂಡಕಂಡವರಿಗೆ ಮೂರು ಜಗ್ಗಿನ ಕಟ್ಟುಪಾಡು ವಿವರಿಸಿದೆ. "ಇರಬಹುದು ಮಾರಾಯ್ತಿ. ಆದ್ರೆ ಶಿವಮೂರ್ತಣ್ಣ ಎಂತದೂ ಹೇಳೋದೇ ಇಲ್ವಲ್ಲ" ಎಂದರು. ನನ್ನ ಪರವಾಗಿ ಸಾಕ್ಷಿ ಹೇಳಬಹುದಾಗಿದ್ದವನು ಲೋಕದಲ್ಲಿ ಒಬ್ಬನೇ ಇದ್ದ. ಅಂಗಡಿಯ ಮುಂದೆ ಆಡುತ್ತಿದ್ದ ಮಕ್ಕಳನ್ನು ತಾಯಂದಿರು ಮೆಲ್ಲಗೆ ಆಚೆ ಕರೆದುಕೊಂಡರು. ಜೀಪಿನಲ್ಲಿ ಬಂದಿಳಿದ ಯಾರೋ ಹುಡುಗರಿಗೆ ಆಟೋದವನೊಬ್ಬ ನನ್ನನ್ನು ಬೆರಳು ಮಾಡಿ ತೋರಿಸಿ ಏನೋ ಹೇಳಿದ, ಅವರು ನಕ್ಕರು.

ನನ್ನನ್ನು ದಿನಕ್ಕೆ ಹತ್ತು ಸಲ ಬಯ್ಯುವ ಯಮುನಮ್ಮ ಒಂದು ದಿನ ಕೋಲೂರಿಕೊಂಡು ಅವನ ಅಂಗಳಕ್ಕೇ ಹೋದರು. "ಏನೋ ಶಿವಮೂರ್ತಿ, ನನ್ ಸೊಸೆ ಕೈಯಲ್ಲಿ ಇಷ್ಟು ವರ್ಷ ನಿನ್ ಜೀವ ಇಟ್ಟಿದ್ಯಲ್ಲೋ. ಒಂದು ದಿನ ಬೀಳಿಸಿದ್ಲೇನೋ? ಉಂಡ ಮನೆಗೇ ಎರಡು ಬಗೀತೀಯಾ?" ಎಂದು ಬೀದಿಗೆ ಕೇಳುವ ಹಾಗೆ ಕೇಳಿದರಂತೆ. ಅವನು ಕುರ್ಚಿ ಹಾಕಿ, ಕಾಫಿ ಕೊಡಿಸಿ, "ಹೇಳ್ತೀನಿ ಯಮುನಕ್ಕ, ಸಮಯ ನೋಡ್ಕಂಡು ಹೇಳ್ತೀನಿ" ಎಂದು ಕಳಿಸಿದನಂತೆ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಪದಕ ತೂಗುತ್ತಿತ್ತಂತೆ. ಕಾಫಿ ಚೆನ್ನಾಗಿರಲಿಲ್ಲ ಎಂದು ಅತ್ತೆ ಬಂದು ಹೇಳಿದರು.

ಅದಾಗಿ ಸ್ವಲ್ಪ ದಿನಕ್ಕೆ ನಟರಾಜ ಅಂಗಡಿಗೆ ಬಂದ. ಚಹಾ ಕೇಳಲಿಲ್ಲ. ಒಳಗೆ ಮೊಳೆಗೆ ತೂಗುಹಾಕಿದ್ದ ಹಗ್ಗವನ್ನೇ ನೋಡುತ್ತ ನಿಂತ.

"ಅಣ್ಣ ಹಗ್ಗ ತಗಂಬಾ ಅಂದ," ಎಂದ. "ಇನ್ಮೇಲೆ ನಾನು ಹಿಡೀಬೇಕಂತೆ."

"ಅವನೇ ಬರಬೋದಿತ್ತಲ್ಲ."

"ನಂಗೇನು ಗೊತ್ತಕ್ಕ. ತಗಂಬಾ ಅಂದ, ಬಂದೆ."

ಪ್ರತಿ ಸಲ ನೀರಿನಿಂದ ಬಂದ ಮೇಲೆ ನಾನು ಅದನ್ನು ಬಿಸಿಲಿಗೆ ಹರವಿ ಒಣಗಿಸುತ್ತಿದ್ದೆ, ಎಳೆ ಸವೆದಿದೆಯೇ ಎಂದು ಮೊಳಮೊಳ ಮುಟ್ಟಿ ನೋಡುತ್ತಿದ್ದೆ. ನಟರಾಜ ಅದನ್ನು ಮುದ್ದೆ ಮಾಡಿಕೊಂಡು ಟೆಂಪೋದ ಹಿಂದೆ ಎಸೆದುಕೊಂಡು ಹೋದ. ಅವತ್ತು ನಾನು ಅತ್ತೆಯ ಎದುರಿಗೇ ಅತ್ತುಬಿಟ್ಟೆ. ಪದಕ ಅವನೇ ಇಟ್ಟುಕೊಳ್ಳಲಿ, ನನಗೆ ಬೇಡವಾಗಿತ್ತು. ಹಗ್ಗ ಮಾತ್ರ ನನ್ನದಾಗಿತ್ತು.

ಬೇಸಿಗೆ ಬಂತು. ನೀರು ಇಳಿದು ಬೊಡ್ಡೆಗಳ ತಲೆ ಅಲ್ಲಲ್ಲಿ ಹೊರಗೆ ಕಾಣುತ್ತಿದ್ದ ಕಾಲ. ಒಂದು ಮಧ್ಯಾಹ್ನ ಮದುವೆಯ ದಿಬ್ಬಣದ ಬಸ್ಸೊಂದು ನಮ್ಮಲ್ಲಿ ನಿಂತಿತು. ಮದುಮಗನ ತಮ್ಮ ಗೆಳೆಯರ ಜೊತೆ ಬೊಡ್ಡೆಯೊಂದನ್ನು ಮುಟ್ಟಿ ಬರುವ ಪಂಥ ಕಟ್ಟಿ ಇಳಿದವನು ವಾಪಸು ಬರಲಿಲ್ಲ. ಬೊಬ್ಬೆ ಕೇಳಿ ನಾನು ಓಡಿದೆ. ಶಿವಮೂರ್ತಣ್ಣನೂ ನಟರಾಜನೂ ಓಡಿ ಬಂದರು. ಆಗಲೇ ದಡದ ತುಂಬ ಜನ.

ಶಿವಮೂರ್ತಣ್ಣ ಸೊಂಟಕ್ಕೆ ಗಂಟು ಹಾಕಿಕೊಂಡ. ನಾನು ಅವನ ಎದುರಿಗೆ ಹೋಗಿ ಕೈ ಚಾಚಿದೆ. "ಕೊಡಣ್ಣ. ಜಗಳ ಆಮೇಲೆ ಆಡಣ. ನೀರಡಿ ಬರೀ ಬೊಡ್ಡೆ ಇದೆ, ನಟರಾಜಂಗೆ ಅಭ್ಯಾಸ ಇಲ್ಲ."

ಅವನ ಕೈ ನನ್ನ ಕಡೆ ಬರುತ್ತಿತ್ತು. ನಾನು ಕಂಡಿದ್ದೇನೆ. ಅಷ್ಟರಲ್ಲಿ ಆಟೋದವನು ಕೂಗಿದ, "ಅವಳ ಕೈಗಾ? ಅವತ್ತು ಬಿಟ್ಟು ಓಡಿದೋಳು ಅವಳೇ ಅಲ್ವೇನ್ರೋ?" ಮುಳುಗಿದ ಹುಡುಗನ ತಾಯಿ ಅದನ್ನು ಕೇಳಿ ಎದೆ ಬಡಿದುಕೊಂಡಳು. "ಬೇಡಪ್ಪಾ, ನಿನ್ ದಮ್ಮಯ್ಯ, ಆ ಹೆಂಗಸಿನ ಕೈಗೆ ಕೊಡಬೇಡ."

ಒಂದು ಮಾತು. ಹಗ್ಗ ಬಿಡು ಅಂದವನು ನಾನೇ ಎಂಬ ಒಂದು ಮಾತು ಸಾಕಿತ್ತು. ಅವನು ನನ್ನನ್ನು ದಾಟಿ ಹಗ್ಗದ ತುದಿಯನ್ನು ನಟರಾಜನ ಕೈಗೆ ಕೊಟ್ಟ. ಕೊಡುವಾಗ ಅವನ ಕಿವಿಯ ಹತ್ತಿರ ಬಗ್ಗಿ, "ಮೂರು ಜಗ್ಗಿದ್ರೆ ಬಿಟ್ಬಿಡೋ" ಎಂದ. ಹತ್ತಿರವಿದ್ದ ನನಗೆ ಕೇಳಿತು, ಬೇರೆ ಯಾರಿಗೂ ಕೇಳಲಿಲ್ಲ. ಕೇಳಬಾರದೆಂದೇ ಅಷ್ಟು ಮೆತ್ತಗೆ ಹೇಳಿದ್ದು.

ಶಿವಮೂರ್ತಣ್ಣ ಮುಳುಗು ಹಾಕಿದ. ನಟರಾಜ ಹಗ್ಗವನ್ನು ಕೈಗೆ ಸುತ್ತಿಕೊಂಡು, ಕಾಲು ಅಗಲಿಸಿ ನಿಂತ. ಹಾಗೆ ಸುತ್ತಿಕೊಳ್ಳಲೇಬಾರದು. ನಾನು ಹೇಳಲು ಹೋದರೆ ಯಾರೋ ನನ್ನನ್ನು ಹಿಂದಕ್ಕೆ ತಳ್ಳಿದರು. ಹಗ್ಗ ಒಮ್ಮೆ ಜಗ್ಗಿತು, ನಟರಾಜ ಸಡಿಲ ಕೊಟ್ಟ. ಸ್ವಲ್ಪ ತಡೆದು ಮತ್ತೊಮ್ಮೆ ಜಗ್ಗಿತು, ಮತ್ತೆ ಕೊಟ್ಟ. ಆಮೇಲೆ ಹಗ್ಗ ಬಿಲ್ಲಿನ ಹೆದೆಯ ಹಾಗೆ ಬಿಗಿಯಿತು. ಒಂದು, ಎರಡು, ಮೂರು.

"ಬಿಡು ನಟರಾಜಾ!"

"ಸುಮ್ನಿರಕ್ಕ! ನಾನೇನು ನಿನ್ನ ಹಂಗಾ, ಬಿಡೋಕೆ?"

"ಮೂರು ಜಗ್ಗಿದಾನೆ ಕಣೋ! ನಿಂಗೆ ಹೇಳಿ ಹೋಗಿದಾನಲ್ಲೋ!"

ಹೇಳಿದ್ದು ಅವನಿಗೆ ನೆನಪಿತ್ತು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ತೀರ್ಥಹಳ್ಳಿಯ ಭವನದಲ್ಲಿ ನಮ್ಮ ಸಾಲಿನಲ್ಲೇ ಕುಳಿತು ಅವನೂ ಕೇಳಿದ್ದನಲ್ಲ, ಹಗ್ಗ ಬಿಟ್ಟವರಿಗೆ ಯಾವ ಹೆಸರು ಬರುತ್ತದೆ ಎಂದು. ಇಷ್ಟು ಜನ ನೋಡುತ್ತಿರುವಾಗ ಅವನು ಬಿಡುವುದುಂಟೇ? "ಬಿಡಬೇಡ ನಟರಾಜ, ಎಳಿ!" ಎಂದು ಇನ್ನೂ ನಾಲ್ಕು ಜನ ಬಂದು ಹಗ್ಗಕ್ಕೆ ಕೈ ಹಾಕಿದರು. ಇನ್ನೊಂದು ಸಲ ಮೂರು ಜಗ್ಗು ಬಂತು. ಈ ಸಲ ಅದರಲ್ಲಿ ಬಲವಿರಲಿಲ್ಲ, ಮಗು ಸೆರಗು ಎಳೆದಷ್ಟೇ.

ನಾನು ಅಂಗಡಿಗೆ ಓಡಿ ಎಳನೀರು ಕೆತ್ತುವ ಕತ್ತಿ ತಂದೆ. ಹಗ್ಗ ಕಲ್ಲಿನ ಮೇಲೆ ಹಾದುಹೋಗಿದ್ದ ಕಡೆ ಕುಕ್ಕರಗಾಲಲ್ಲಿ ಕುಳಿತು ಒಂದೇ ಏಟಿಗೆ ಕಡಿದೆ. ಎಳೆಯುತ್ತಿದ್ದವರೆಲ್ಲ ಒಬ್ಬರ ಮೇಲೊಬ್ಬರು ಅಂಗಾತ ಬಿದ್ದರು. ಕಡಿದ ತುದಿ ಹಾವಿನ ಹಾಗೆ ನೀರಿಗೆ ಸರಿದುಹೋಯಿತು. ಆಮೇಲೆ ನನ್ನ ಬೆನ್ನಿಗೆ ಬಿದ್ದ ಗುದ್ದು ಯಾರದೋ, ಜುಟ್ಟು ಹಿಡಿದ ಕೈ ಯಾರದೋ ಗೊತ್ತಿಲ್ಲ. "ಕೊಂದ್ಬಿಟ್ಲು, ಇಬ್ರನ್ನೂ ಕೊಂದ್ಬಿಟ್ಲು" ಎಂದು ಆ ತಾಯಿ ಅರಚುತ್ತಿದ್ದಳು. ನಾನು ನೀರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಬಾರಣ್ಣ, ಬಾರೋ ಶಿವಮೂರ್ತಿ, ಬಾರೋ ಪಾಪಿ ಎಂದು ಒಳಗೊಳಗೇ ಕರೆಯುತ್ತಿದ್ದೆ.

ಬಂದ. ಬೊಡ್ಡೆಯ ಆಚೆ ತಲೆ ಎತ್ತಿದ. ಸೊಂಟದಲ್ಲಿ ಹಗ್ಗವಿರಲಿಲ್ಲ, ಕಂಕುಳಲ್ಲಿ ಹುಡುಗನಿದ್ದ. ಈಜು ಬಲ್ಲವರು ನಾಲ್ಕು ಜನ ಹೋಗಿ ಇಬ್ಬರನ್ನೂ ದಡಕ್ಕೆ ತಂದರು. ಹುಡುಗನನ್ನು ಬೋರಲು ಮಲಗಿಸಿ ಬೆನ್ನು ಒತ್ತಿದರು. ಕೆಮ್ಮಿದ, ನೀರು ಕಕ್ಕಿದ, ಅಮ್ಮಾ ಎಂದ. ಶಿವಮೂರ್ತಣ್ಣನ ತುಟಿ ನೀಲಿಯಾಗಿತ್ತು. ಉಸಿರು ತಿರುಗುವವರೆಗೂ ಕೆಸರಿನಲ್ಲಿ ಕೈಯೂರಿ ಕುಳಿತಿದ್ದ.

"ನೋಡಣ್ಣ," ಎಂದು ನಟರಾಜ ತನ್ನ ಅಂಗೈ ಚಾಚಿ ತೋರಿಸಿದ. ಚರ್ಮ ಸುಲಿದಿತ್ತು. "ನಾನು ಬಿಡ್ಲಿಲ್ಲ. ಇವಳು ಬಂದು ಕಡಿದ್ಲು."

ಹತ್ತಾರು ಮೊಬೈಲುಗಳು ನಮ್ಮ ಕಡೆ ಎದ್ದು ನಿಂತಿದ್ದವು. ನನ್ನ ಜುಟ್ಟು ಇನ್ನೂ ಯಾರದೋ ಮುಷ್ಟಿಯಲ್ಲಿತ್ತು. ನಾನು ಅಲ್ಲಿಂದಲೇ ಕೇಳಿದೆ, "ಶಿವಮೂರ್ತಣ್ಣ, ಎಷ್ಟು ಸಲ ಜಗ್ಗಿದೆ? ಎಲ್ರಿಗೂ ಕೇಳೋ ಹಂಗೆ ಹೇಳು."

ಅವನು ನನ್ನನ್ನು ನೋಡಿದ. ಮೊಬೈಲುಗಳನ್ನು ನೋಡಿದ.

"ನೀರೊಳಗೆ ಎಂತ ನೆನಪಿರತ್ತೆ ತಂಗಿ," ಎಂದ. ಆಮೇಲೆ ಜನರ ಕಡೆ ತಿರುಗಿ, "ಬಿಟ್ಬಿಡ್ರೋ ಅವಳನ್ನ. ಹೆಂಗಸು. ಗಾಬರಿಲಿ ಏನೋ ಮಾಡಿದಾಳೆ, ಪಾಪ. ನಂಗೇನು ಬೇಜಾರಿಲ್ಲ" ಎಂದ.

ಜುಟ್ಟು ಬಿಟ್ಟರು. "ಅಬ್ಬಾ, ಎಂಥ ದೊಡ್ಡ ಮನಸ್ಸು ನೋಡಿ" ಎಂದು ದಿಬ್ಬಣದವರು ಕೈಮುಗಿದರು. ಹುಡುಗನ ತಾಯಿ ಕಣ್ಣೊರೆಸಿಕೊಳ್ಳುತ್ತ ಬಂದು ನನ್ನ ತೋಳು ಹಿಡಿದಳು. ಬಯ್ಯಲು ಬಂದವಳಲ್ಲ, ಒಳ್ಳೆಯ ಬುದ್ಧಿ ಹೇಳಲು ಬಂದವಳು. "ಅವ್ರ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನಮ್ಮ. ದೇವ್ರಂಥವ್ರು, ಕ್ಷಮಿಸಿದಾರೆ."

ನಾನು ಅವನ ಜೀವ ಉಳಿಸಿದ್ದೆ, ಅವನು ನನ್ನನ್ನು ಕ್ಷಮಿಸಿದ್ದ. ಕೈ ಕೊಸರಿಕೊಂಡು ಅಂಗಡಿಗೆ ಬಂದು ಕುಳಿತೆ. ಅತ್ತೆ ಏನೂ ಕೇಳದೆ ನನ್ನ ಕೂದಲನ್ನು ಗಂಟು ಹಾಕಿ, ಒಂದು ಲೋಟ ನೀರು ಕೊಟ್ಟರು.

ಸ್ವಲ್ಪ ಹೊತ್ತಿಗೆ ಅವನು ಹಿಂದಿನ ಬಾಗಿಲಿನಿಂದ ಬಂದ. ಮೈಮೇಲೆ ಯಾರೋ ಹೊದಿಸಿದ್ದ ಶಾಲು. ಅತ್ತೆಯನ್ನು ಕಂಡು ಹೊಸ್ತಿಲ ಹೊರಗೇ ನಿಂತ.

"ಇನ್ನೊಂದು ಗಳಿಗೆ ಆಗಿದ್ರೆ ನಾನಿರ್ತಿರ್ಲಿಲ್ಲ ತಂಗಿ," ಎಂದ. ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳುವುದಿಲ್ಲ. "ನೀನು ಕಡೀದೇ ಇದ್ರೆ ಹೋಗ್ತಿದ್ದೆ. ಈ ಋಣ ಹೆಂಗೆ ತೀರಿಸ್ಲಿ?"

"ಇದೇ ಮಾತನ್ನ ಹೊರಗೆ ಹೋಗಿ ಹೇಳಣ್ಣ. ಜನ ಇನ್ನೂ ಅಲ್ಲೇ ಇದಾರೆ."

"ಹೇಳ್ತೀನಿ. ಖಂಡಿತ ಹೇಳ್ತೀನಿ. ಆದ್ರೆ..." ಅವನು ಶಾಲಿನ ಅಂಚು ತಿರುಚಿದ. "ಮೇಷ್ಟ್ರ ಫೋನ್ ಬಂದಿತ್ತು. ವಿಡಿಯೋ ಆಗ್ಲೇ ತೀರ್ಥಹಳ್ಳಿ ಮುಟ್ಟಿದೆಯಂತೆ. ಈ ಸಲ ರಾಜ್ಯದ ಪದಕಕ್ಕೇ ಹೆಸ್ರು ಕಳಿಸ್ತಾರಂತೆ. ಅದೊಂದು ಆಗ್ಬಿಡ್ಲಿ."

ಅತ್ತೆ ಬಾಯಿ ತೆರೆದರು, ನಾನು ಅವರ ಕೈ ಹಿಡಿದು ತಡೆದೆ. "ಈಗ ಹೋಗಿ ಹೇಳಿದ್ರೆ ನಾನು ಎಲ್ಲಾ ಮರೀತೀನಿ," ಎಂದೆ. "ನಂಗೆ ಪದಕ ಬೇಡ, ಕಾಯಿ ಹೋಳೂ ಬೇಡ. ಹಗ್ಗ ಹಿಡಿಯೋಕೆ ಬರತ್ತೆ ಇವಳಿಗೆ ಅಂತ ಒಂದು ಮಾತು ಹೇಳು, ಸಾಕು."

ಅವನು ತಲೆಯಾಡಿಸಿ, "ಆಯ್ತು" ಎಂದು ಮೂಗೊರೆಸಿಕೊಂಡು ಅಂಗಡಿಯ ಮುಂದಿನಿಂದಲೇ ಜನರ ಕಡೆ ನಡೆದ. ನಾನು ಎದ್ದು ಬಾಗಿಲಿಗೆ ಬಂದೆ. ಇಷ್ಟೆಲ್ಲ ಆದ ಮೇಲೂ ನಂಬಿದೆ ನೋಡಿ. ಹೇಳಿಬಿಡುತ್ತಾನೆ, ಎಷ್ಟೆಂದರೂ ನಮ್ಮ ಶಿವಮೂರ್ತಣ್ಣ ಎಂದುಕೊಂಡೆ.

ಜನ ಅವನಿಗೆ ದಾರಿ ಬಿಟ್ಟರು. ಯಾರೋ ಒಬ್ಬ, "ಅಣ್ಣ, ಒಂದು ಫೋಟೋ" ಎಂದ. ಅವನು ಒದ್ದೆ ಕೂದಲನ್ನು ಬೆರಳಲ್ಲೇ ಬಾಚಿಕೊಂಡ, ಶಾಲನ್ನು ಸರಿಯಾಗಿ ಹೊದ್ದುಕೊಂಡು ನಿಂತ. ಒಂದು ಪಕ್ಕಕ್ಕೆ ಬದುಕಿ ಬಂದ ಹುಡುಗನನ್ನು ನಿಲ್ಲಿಸಿದರು. ಇನ್ನೊಂದು ಪಕ್ಕಕ್ಕೆ ನಟರಾಜ ಬಂದು, ನಾನು ಕಡಿದ ಹಗ್ಗದ ತುಂಡನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಶಿವಮೂರ್ತಣ್ಣ ಅವನ ಹೆಗಲ ಮೇಲೆ ಕೈ ಹಾಕಿದ.